ಐಸ್ ಎತ್ತುವ ಇಕ್ಕಳ

ನಾನು ಐಟಿಐ ಓದಿದ ಎಲೆಕ್ಟ್ರಿಷಿಯನ್. ಮನೆಯ ಪಾರ್ಟಿಗೆ ಅಂತ ಬರ್ಮಿಂಗ್‌ಹ್ಯಾಮಿನ ಕಾರ್ ಬೂಟ್ ಸೇಲಲ್ಲಿ ಹೊಳೆಯೋ ಇಕ್ಕಳ ಒಂದನ್ನ ಬೆಳ್ಳಿ ಅಂದ್ಕೊಂಡು 40 ಪೌಂಡ್ ಕೊಟ್ಟು ತಂದೆ. ಊರಿಗೆ, ಅಮ್ಮನಿಗೆ ಕಳಿಸಬೇಕಾದ ದುಡ್ಡದು. ಮನೇಲಿ ತಿರುಗಿಸಿ ನೋಡಿದ್ರೆ ಇ.ಪಿ.ಎನ್.ಎಸ್. ಅಂತ ಮುದ್ರೆ! ಅಂದ್ರೆ ತಾಮ್ರ, ಸತು, ನಿಕಲ್ ಬೆರೆಸಿದ ಲೋಹದ ಮೇಲೆ ಕರೆಂಟ್ ಹಾಯಿಸಿ ಕೂರಿಸಿದ ಬೆಳ್ಳಿ ಲೇಪ. 1840ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಎಲ್ಕಿಂಗ್ಟನ್ ಅವರು ಇದೇ ಊರಿನವರು. ಕರೆಂಟಿನ ಕೆಲಸದವನೇ ಕರೆಂಟಿನ ಕೈಚಳಕಕ್ಕೆ ಮೋಸ ಹೋದೆ ನೋಡಿ. ಇಲ್ಲಿ ಪರೀಕ್ಷೆಯಾದ ಅಸಲಿ ಬೆಳ್ಳಿಗೆ ಲಂಗರಿನ ಮುದ್ರೆ ಇರ್ತದೆ.

ಐಸಿಗೆ ಸ್ಟೀಲಿಂದೇ ಸಾಕು. ತುದೀಲಿ ಹಲ್ಲಿರಬೇಕು, ಸ್ಪ್ರಿಂಗ್ ಬಿಗಿ ಇರಬೇಕು. ನಂದು ನುಣುಪು ಬಾಯಿಯದು, ಐಸ್ ಜಾರಿ ಸೋಫಾ ಕೆಳಗೆ ಹೋಯ್ತು. ಈಗ ನಮ್ಮನೆಯವಳು ಅದರಲ್ಲಿ ಜಾಮೂನು ಬಡಿಸ್ತಾಳೆ.