ಹಗಲು ಹೊತ್ತಿನ ಮನೆ

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೊರಟು, ಸಂಸಾರಸಮೇತರಾಗಿ ಲಂಡನ್ ಮಹಾನಗರದಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಬಿಡಾರ ಹೂಡಬೇಕೆಂದಿರುವ ಸ್ನೇಹಿತರು ನನ್ನನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಯಾವ ಏರಿಯಾದಲ್ಲಿ ಮನೆ ಹಿಡಿದರೆ ಒಳ್ಳೆಯದು ಸಾರ್?" ಒಂದು ಊರಿನ ಹೆಸರನ್ನು ಹೇಳಿ ಕೈತೊಳೆದುಕೊಳ್ಳುವುದು ಸುಲಭ; ಆದರೆ ಎರಡು ಮಾತು ಮುಂದುವರಿಯುವಷ್ಟರಲ್ಲಿಯೇ, ಕೇಳುತ್ತಿರುವಾತ ತನ್ನ ಕಚೇರಿಯಿಂದ ಹೊರಟು ಮನೆಯ ಕಡೆಗೆ ನೋಡುತ್ತಿದ್ದಾನೆಯೇ ಹೊರತು ಮನೆಯಿಂದ ಹೊರಟು ಜಗತ್ತಿನ ಕಡೆಗಲ್ಲ ಎಂಬುದು ಸ್ಪಷ್ಟವಾಗಿಬಿಡುತ್ತದೆ. ಕೆಲಸ ದೊರೆತವರು ಗಂಡನಾಗಲಿ ಹೆಂಡತಿಯಾಗಲಿ, ಮನೆಯನ್ನು ಆರಿಸುವ ಅಧಿಕಾರ ಸಾಮಾನ್ಯವಾಗಿ ಅವರದಾಗಿರುತ್ತದೆ. ಆ ಮನೆಯಲ್ಲಿ ಅತ್ಯಲ್ಪ ಕಾಲ ಇರತಕ್ಕವರೂ ಅವರೇ. ಹಗಲೆಲ್ಲ ಆ ಗೋಡೆಗಳ ನಡುವೆ, ಆ ಬೀದಿಯಲ್ಲಿ, ಆ ಅಂಗಡಿಯ ಮುಂದೆ ಬಾಳತಕ್ಕವರನ್ನು ಯಾರೂ ಕೇಳಿರುವುದಿಲ್ಲ.

ನಾನೂ ಕೇಳಲಿಲ್ಲ. ಹಲವು ವರ್ಷಗಳ ಹಿಂದೆ, ಜಯನಗರದ ಮನೆಯ ಊಟದ ಮೇಜಿನ ಮೇಲೆ ಲಂಡನ್ನಿನ ನಕ್ಷೆಯನ್ನು ಹರಡಿಕೊಂಡು, ಕಚೇರಿಗೆ ನೇರವಾದ ರೈಲು ಎಲ್ಲಿಂದ ಸಿಗುವುದೆಂದು ಬೆರಳಿಟ್ಟು ಗುರುತಿಸಿ, ಲೆಟಿಂಗ್ ಏಜೆಂಟನು ವಿಡಿಯೋದಲ್ಲಿ ತೋರಿಸಿದ ಮನೆಯೊಂದನ್ನು ಮೆಚ್ಚಿ, ಅದರ ಕಿಟಕಿಯಿಂದಲೇ ಕಾಣುತ್ತಿದ್ದ ಪ್ರಾಥಮಿಕ ಶಾಲೆಯೊಂದರ ಆಟದ ಬಯಲನ್ನು ನೋಡಿ, ಇನ್ನು ಮಗಳ ವಿಚಾರದಲ್ಲಿ ಚಿಂತೆಯೇ ಇಲ್ಲವೆಂದು ಮುಂಗಡವನ್ನು ಕಳುಹಿಸಿಕೊಟ್ಟೆ. ಜನವರಿಯಲ್ಲಿ ಬಂದಿಳಿದೆವು. ಶಾಲೆಯ ಬಾಗಿಲಿಗೆ ಹೋದರೆ ಸ್ಥಳವಿಲ್ಲ. ಆರು ವರ್ಷದ ಮಗು ಕಿಟಕಿಯ ಬಳಿ ನಿಂತು, ಎದುರು ಬಯಲಿನಲ್ಲಿ ಇತರ ಮಕ್ಕಳು ಆಡುವುದನ್ನು ಮೂರು ವಾರಗಳ ಕಾಲ ನೋಡಿತು. ಆಮೇಲೆ ಎರಡು ಬಸ್ಸು ಬದಲಿಸಿ ಹೋಗಬೇಕಾದ ಬೇರೊಂದು ಶಾಲೆಯಲ್ಲಿ ಅದಕ್ಕೆ ಜಾಗ ದೊರೆಯಿತು. ಪ್ರತಿದಿನ ನಾಲ್ಕು ಬಾರಿ ಆ ದಾರಿಯನ್ನು ಸವೆಸಿದವಳು ನನ್ನ ಹೆಂಡತಿ. ನನ್ನ ರೈಲು ಮಾತ್ರ ಇಪ್ಪತ್ತೈದೇ ನಿಮಿಷ.

ತಪ್ಪು ಶಾಲೆಯದಾಗಿರಲಿಲ್ಲ. ಇಂಗ್ಲೆಂಡಿನ ಕಾನೂನಿನಂತೆ ಏಳು ವರ್ಷದವರೆಗಿನ ಮಕ್ಕಳ ತರಗತಿಗಳಲ್ಲಿ, ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಒಬ್ಬ ಉಪಾಧ್ಯಾಯರಿಗೆ 30 ಮಕ್ಕಳಿಗಿಂತ ಹೆಚ್ಚು ಇರಕೂಡದು. ಮೂವತ್ತು ತುಂಬಿದ ಮೇಲೆ ಮೂವತ್ತೊಂದನೆಯ ಮಗು ಎದುರು ಮನೆಯದಾದರೂ ಕಾಯಬೇಕು. ನಮ್ಮಲ್ಲಿಯಂತೆ ಯಾರನ್ನಾದರೂ ಕಂಡು ಒಂದು ಮಾತು ಹೇಳಿಸಿ ಬರೋಣವೆಂಬ ಉಪಾಯಕ್ಕೆ ಅಲ್ಲಿ ಎಡೆಯಿಲ್ಲ. ಸೆಪ್ಟೆಂಬರ್ ತಿಂಗಳಿನಲ್ಲಿ ಶಾಲೆ ಸೇರಬೇಕಾದ ಪುಟ್ಟ ಮಕ್ಕಳಿಗೆ ಅರ್ಜಿಯ ಕೊನೆಯ ದಿನ ಅದೇ ವರ್ಷದ ಜನವರಿ 15. ಹನ್ನೊಂದು ವರ್ಷಕ್ಕೆ ಪ್ರೌಢಶಾಲೆ ಸೇರತಕ್ಕವರಿಗೆ ಹಿಂದಿನ ವರ್ಷದ ಅಕ್ಟೋಬರ್ 31. ನಾವಾದರೋ ವೀಸಾ ಬಂದಾಗ ಹೊರಡುವವರು. ಆದುದರಿಂದ ನಮ್ಮ ಮಕ್ಕಳಲ್ಲಿ ಬಹುಮಂದಿ ವರ್ಷದ ನಡುವೆ, ಉಳಿದಿರುವ ಸ್ಥಳಗಳನ್ನು ಹುಡುಕಿಕೊಂಡು ಹೋಗತಕ್ಕವರು. ಸರಕಾರಿ ಶಾಲೆಯಲ್ಲಿ ಅವರಿಗೆ ಶುಲ್ಕವಿಲ್ಲ ಎಂಬುದು ದೊಡ್ಡ ಸಮಾಧಾನ.

ಅರ್ಜಿಗಳು ಹೆಚ್ಚಾದಾಗ ಅನೇಕ ಶಾಲೆಗಳು ಮನೆಯಿಂದ ಶಾಲೆಗಿರುವ ದೂರವನ್ನು, ನಡೆಯುವ ದಾರಿಯಲ್ಲಿ ಅಲ್ಲ, ನಕ್ಷೆಯ ಮೇಲೆ ಎಳೆದ ಸರಳರೇಖೆಯಲ್ಲಿ ಅಳೆದು ಹತ್ತಿರದವರನ್ನು ಮೊದಲು ಸೇರಿಸಿಕೊಳ್ಳುತ್ತವೆ. ಹೆಸರುವಾಸಿಯಾದ ಶಾಲೆಗಳಲ್ಲಿ ಈ ರೇಖೆ ಅರ್ಧ ಮೈಲಿಗೂ ಕಡಮೆಯಾಗಿಬಿಡುವುದುಂಟು. ಕಳೆದ ಸಾಲಿನಲ್ಲಿ ಯಾವ ಶಾಲೆಯ ಕೊನೆಯ ಮಗು ಎಷ್ಟು ದೂರದಿಂದ ಬಂದಿತೆಂಬುದನ್ನು ಸ್ಥಳೀಯ ಕೌನ್ಸಿಲುಗಳು ಸಾಮಾನ್ಯವಾಗಿ ಪ್ರಕಟಿಸುತ್ತವೆ. ಬಾಡಿಗೆಯ ಜಾಹೀರಾತುಗಳನ್ನು ಓದುವುದಕ್ಕಿಂತ ಮೊದಲು ಓದತಕ್ಕದ್ದು ಆ ಪಟ್ಟಿ. ಇನ್ನೊಂದು ಸೂಕ್ಷ್ಮವಿದೆ: ಚರ್ಚುಗಳಿಗೆ ಸಂಬಂಧಪಟ್ಟ ಸರಕಾರಿ ಶಾಲೆಗಳು ಅಲ್ಲಿ ಅನೇಕ, ಜಾಗ ಕಡಮೆಯಾದಾಗ ತಮ್ಮ ಮತಸ್ಥರಿಗೆ ಅವು ಮೊದಲ ಮಣೆ ಹಾಕಬಹುದು. ಅಂಥ ಶಾಲೆಯ ಗೋಡೆಗೆ ಅಂಟಿಕೊಂಡು ಮನೆ ಹಿಡಿದರೂ ಪ್ರಯೋಜನವಾಗದೆ ಹೋದೀತು.

ಇನ್ನು ಸೂರ್ಯನ ವಿಚಾರ. ಇದನ್ನು ಹೇಳಿದರೆ ಬೆಂಗಳೂರಿನವರು ನಗುತ್ತಾರೆ. ನಮ್ಮ ಊರಿನಲ್ಲಿ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಲಂಡನ್ನಿನಲ್ಲಿ ಎಂಟು ಗಂಟೆಗೂ ಮಿಕ್ಕಿದ್ದು. ಡಿಸೆಂಬರ್ ಮೂರನೆಯ ವಾರದಲ್ಲಿ ಸೂರ್ಯೋದಯ ಎಂಟು ಗಂಟೆಗೆ, ಅಸ್ತ ಇನ್ನೂ ನಾಲ್ಕು ಹೊಡೆಯುವ ಮೊದಲೇ. ಆ ಅಲ್ಪ ಹಗಲಿನಲ್ಲಿಯೂ ರವಿಯು ನೆತ್ತಿಗೆ ಏರದೆ, ದಕ್ಷಿಣದ ಕ್ಷಿತಿಜಕ್ಕೆ ಒರಗಿಕೊಂಡೇ ಸಾಗಿ, ಮೋಡವಿಲ್ಲದಿದ್ದರೆ ಮಾತ್ರ ದರ್ಶನವೀಯುತ್ತಾನೆ. ಆದುದರಿಂದಲೇ ಅಲ್ಲಿಯ ಮನೆಯ ಜಾಹೀರಾತುಗಳಲ್ಲಿ "ದಕ್ಷಿಣಾಭಿಮುಖ" ಎಂಬುದು ಹೆಮ್ಮೆಯ ವಿಶೇಷಣ. ವಾಸ್ತುವನ್ನು ನೆಚ್ಚಿ ದಕ್ಷಿಣದ ಬಾಗಿಲೆಂದರೆ ಮಾರುದೂರ ಸರಿಯುವ ನಮ್ಮವರು, ಉತ್ತರಕ್ಕೆ ತೆರೆದ ಮನೆಯನ್ನೇ ಆರಿಸಿ, ನವೆಂಬರಿನಿಂದ ಫೆಬ್ರವರಿಯವರೆಗೆ ಹಗಲಿನಲ್ಲಿಯೇ ದೀಪ ಉರಿಸಿಕೊಂಡು ಕುಳಿತಿರುವುದನ್ನು ನಾನು ಕಂಡಿದ್ದೇನೆ. ಶಾಸ್ತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹದಿಮೂರನೆಯ ಅಕ್ಷಾಂಶದಲ್ಲಿ ಬಾಳುವವರ ರೂಢಿಯನ್ನು ಐವತ್ತೊಂದೂವರೆಯ ಅಕ್ಷಾಂಶಕ್ಕೆ ಹೊತ್ತೊಯ್ಯುವಾಗ ಸೂರ್ಯನನ್ನೂ ಒಂದು ಮಾತು ಕೇಳಬೇಡವೆ?

ಬಿಸಿಲಿಲ್ಲದ ಮನೆಗೆ ಥಂಡಿ ಹಿಡಿಯುತ್ತದೆ. ಕಿಟಕಿಗಳನ್ನು ಮುಚ್ಚಿಕೊಂಡು ಸಾರು ಕುದಿಸಿ, ಇಡ್ಲಿ ಬೇಯಿಸಿ, ಒಗೆದ ಬಟ್ಟೆಗಳನ್ನು ಒಳಗೇ ಹರಡಿದರೆ, ಆ ಆವಿಯೆಲ್ಲ ತಣ್ಣನೆಯ ಗೋಡೆಗೆ ತಗುಲಿ ನೀರಾಗಿ, ಮೂಲೆಗಳಲ್ಲಿ ಕಪ್ಪು ಬೂಸ್ಟು ಕಟ್ಟುತ್ತದೆ. ಪ್ರತಿ ಬಾಡಿಗೆಯ ಮನೆಗೂ ಎ ಯಿಂದ ಜಿ ವರೆಗೆ ಒಂದು ಇಂಧನದರ್ಜೆಯುಂಟು. ಇ ಗಿಂತ ಕೆಳಗಿನ ದರ್ಜೆಯ ಮನೆಯನ್ನು ಸಾಮಾನ್ಯವಾಗಿ ಬಾಡಿಗೆಗೆ ಕೊಡುವಂತಿಲ್ಲ. ಸಿ ಸಿಕ್ಕರೆ ಬಿಡಬೇಡಿ. ವಿಡಿಯೋದಲ್ಲಿ ಮನೆ ತೋರಿಸುವಾತನಿಗೆ, ಬೀರುವಿನ ಹಿಂದಿನ ಗೋಡೆಯನ್ನೂ ಸ್ನಾನದ ಮನೆಯ ಸೂರನ್ನೂ ತೋರಿಸಪ್ಪಾ ಎಂದು ಹೇಳಲು ಸಂಕೋಚಪಡಬೇಡಿ.

ಊರಿನ ಕೀರ್ತಿ, ಅಪಕೀರ್ತಿಗಳನ್ನು ಕುರಿತು ಒಂದು ಮಾತು. ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಎಂಬ ಪಟ್ಟಣದ ಮೇಲೆ ಬಾಂಬು ಬೀಳಲೆಂದು 1937ರಲ್ಲಿ ಜಾನ್ ಬೆಟ್ಜೆಮನ್ ಎಂಬ ಕವಿ ಪದ್ಯವನ್ನೇ ಪ್ರಕಟಿಸಿದ. ಅಲ್ಲಿಯ ಕಾರ್ಖಾನೆಗಳು ಅವನ ಕಣ್ಣಿಗೆ ಅಷ್ಟು ಕುರೂಪವಾಗಿ ಕಂಡಿದ್ದುವು. ಇಂದಿಗೂ ಆ ಊರಿನ ಹೆಸರೆತ್ತಿದರೆ ಆಂಗ್ಲರು ಮುಗುಳ್ನಗುತ್ತಾರೆ. ಆದರೆ ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುವ ಗ್ರಾಮರ್ ಶಾಲೆಗಳು ಅಲ್ಲಿ ನಾಲ್ಕಿವೆ. 2022ರಲ್ಲಿ ಎಲಿಜಬೆತ್ ಮಾರ್ಗವು ತೆರೆದ ಮೇಲೆ ನಗರದ ಮಧ್ಯಕ್ಕೆ ರೈಲು ಬದಲಿಸದೆ ಹೋಗಬಹುದು. ಭಾರತೀಯರೂ ಪಾಕಿಸ್ತಾನೀಯರೂ ತಲೆಮಾರುಗಳಿಂದ ನೆಲೆಸಿರುವುದರಿಂದ ಕೊತ್ತಂಬರಿ ಸೊಪ್ಪಿಗಾಗಿ ಪ್ರಯಾಣ ಮಾಡಬೇಕಾಗಿಲ್ಲ. ಚೆಲುವಿಲ್ಲದ ಊರು ನಿಜ. ನನ್ನ ಪರಿಚಯದ ಹಲವು ಸಂಸಾರಗಳು ಅಲ್ಲಿ ಸುಖವಾಗಿವೆ.

ನಮ್ಮವರ ನಡುವೆಯೇ ಇರಬೇಕೆಂಬ ಹಂಬಲವಿದ್ದವರು ಒಂದು ಸಂಗತಿಯನ್ನು ತಿಳಿದಿರಬೇಕು: ಲಂಡನ್ನಿನಲ್ಲಿ ಕನ್ನಡದ ಕೇರಿ ಎಂಬುದಿಲ್ಲ. ಹ್ಯಾರೋ, ವೆಂಬ್ಲಿಗಳ ಕಡೆ ಗುಜರಾತಿಗಳು, ಸೌಥಾಲಿನಲ್ಲಿ ಪಂಜಾಬಿಗಳು, ಟೂಟಿಂಗ್, ಈಸ್ಟ್ ಹ್ಯಾಮ್‌ಗಳಲ್ಲಿ ತಮಿಳರೂ ಮಲಯಾಳಿಗಳೂ ಕಾಣಸಿಗುತ್ತಾರೆ. ಕನ್ನಡಿಗರು ಎಲ್ಲೆಡೆಯೂ ಚದುರಿದ್ದು, ಯುಗಾದಿಗೋ ದೀಪಾವಳಿಗೋ ಕನ್ನಡ ಬಳಗದ ಸಮಾರಂಭದಲ್ಲಿ ಕೂಡುತ್ತಾರೆ. ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ಬಳಿಯೂ ಕನ್ನಡದ ಮಾತು ಕಿವಿಗೆ ಬಿದ್ದೀತು. ಕರಿಬೇವಿಗೂ ತೆಂಗಿನಕಾಯಿಗೂ ತಮಿಳರ ಅಂಗಡಿಯೇ ಗತಿ. ಅದೇನೂ ಕೆಟ್ಟ ಗತಿಯಲ್ಲ.

ನನ್ನ ತಾಯಿಯವರು ಆರು ತಿಂಗಳಿಗೆಂದು ಬಂದಾಗ, ನಾವು ಎರಡನೆಯ ಮನೆಗೆ ಹೋಗಿದ್ದೆವು. ಅದನ್ನು ಆರಿಸಿದವಳು ನನ್ನ ಹೆಂಡತಿ: ಶಾಲೆಗೆ ಏಳು ನಿಮಿಷದ ನಡಿಗೆ, ದಾರಿಯಲ್ಲಿ ಗ್ರಂಥಾಲಯ, ಹಿತ್ತಿಲಿಗೆ ದಕ್ಷಿಣದ ಬಿಸಿಲು, ನನಗೆ ಮಾತ್ರ ಐವತ್ತು ನಿಮಿಷದ ಪ್ರಯಾಣ. ತಾಯಿಯವರಿಗೆ ಆ ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಂಡು, ಮೊದಲ ವಾರ ಹೊರಗೆ ಹೆಜ್ಜೆಯಿಡಲು ಅಂಜಿದರು. ಆಮೇಲೆ ಮೂಲೆಯಲ್ಲಿದ್ದ ಕೆಂಪು ಅಂಚೆ ಪೆಟ್ಟಿಗೆಯನ್ನು ಗುರುತಾಗಿಟ್ಟುಕೊಂಡು, ಅಲ್ಲಿಂದ ನಾಲ್ಕನೆಯ ಬಾಗಿಲೆಂದು ಎಣಿಸಿಕೊಂಡು, ಮೊಮ್ಮಗಳನ್ನು ಶಾಲೆಯಿಂದ ಕರೆತರುವ ಕೆಲಸವನ್ನು ತಾವೇ ವಹಿಸಿಕೊಂಡರು. "ಈ ಊರು ಪರವಾಗಿಲ್ಲ ಕಣೋ, ನನ್ನಷ್ಟಕ್ಕೆ ನಾನು ಹೋಗಿ ಬರಬಹುದು" ಎಂದರು. ಯಾವ ಸಮೀಕ್ಷೆಯ ವರದಿಯಲ್ಲಿಯೂ ಇಷ್ಟು ಖಚಿತವಾದ ತೀರ್ಪನ್ನು ನಾನು ಓದಿಲ್ಲ.

ಹಣದ ಮಾತು ಚಿಕ್ಕದು. ಮುಂಗಡವನ್ನು, ವಾರ್ಷಿಕ ಬಾಡಿಗೆ 50,000 ಪೌಂಡಿನೊಳಗಿದ್ದರೆ, ಐದು ವಾರಗಳ ಬಾಡಿಗೆಗಿಂತ ಹೆಚ್ಚಾಗಿ ಕೇಳಕೂಡದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸನ್ನು ಕೊಟ್ಟು ನೊಂದವರಿಗೆ ಇದು ಅಮೃತವಾಕ್ಯ. ಆದರೆ ಕೌನ್ಸಿಲ್ ಟ್ಯಾಕ್ಸ್ ಎಂಬ ತೆರಿಗೆಯನ್ನು ಸಾಮಾನ್ಯವಾಗಿ ಮನೆಯ ಒಡೆಯನಲ್ಲ, ವಾಸಿಸುವ ಬಾಡಿಗೆದಾರನೇ ತೆರಬೇಕು. ಇಂಗ್ಲೆಂಡಿನಲ್ಲಿ ಇಂದಿಗೂ 1991ರ ಬೆಲೆಯ ಆಧಾರದ ಮೇಲೆ ಮನೆಗಳನ್ನು ವಿಂಗಡಿಸುವ ಈ ತೆರಿಗೆ ಕೌನ್ಸಿಲಿನಿಂದ ಕೌನ್ಸಿಲಿಗೆ ಬಹಳ ವ್ಯತ್ಯಾಸವಾಗುತ್ತದೆ. ಬಾಡಿಗೆಯ ಪಕ್ಕದಲ್ಲಿ ಅದನ್ನೂ ಬರೆದುಕೊಂಡು ಕೂಡಿಸಿ ನೋಡಿ.

ಹಾಗಾದರೆ ಮೊದಲು ಮಾಡತಕ್ಕದ್ದೇನು? ಮನೆ ಹುಡುಕುವುದಕ್ಕೆ ಮುಂಚೆ, ನಿಮಗೆ ಒಗ್ಗೀತೆಂದು ತೋರುವ ಎರಡು ಮೂರು ಕೌನ್ಸಿಲುಗಳ ಶಾಲಾ ಪ್ರವೇಶದ ವಿಭಾಗಕ್ಕೆ ದೂರವಾಣಿ ಮಾಡಿ, ನಿಮ್ಮ ಮಗು ಹುಟ್ಟಿದ ದಿನವನ್ನು ಹೇಳಿ, ಆ ತರಗತಿಯಲ್ಲಿ ಈಗ ಸ್ಥಳವಿರುವ ಶಾಲೆಗಳು ಯಾವುವೆಂದು ಕೇಳಿ. ವಿಳಾಸವಿಲ್ಲದೆ ಅನೇಕ ಕೌನ್ಸಿಲುಗಳು ಅರ್ಜಿ ಸ್ವೀಕರಿಸುವುದಿಲ್ಲ. ಆದರೆ ಖಾಲಿ ಸ್ಥಳದ ಸಮಾಚಾರ ಹೇಳುವುದಕ್ಕೆ ವಿಳಾಸ ಬೇಕಿಲ್ಲ. ಆ ಸಮಾಚಾರವನ್ನು ಕೈಯಲ್ಲಿ ಹಿಡಿದುಕೊಂಡು ನಕ್ಷೆಯನ್ನು ಹರಡಿ. ಹರಡುವಾಗ ಮನೆಯವರೆಲ್ಲ ಮೇಜಿನ ಸುತ್ತ ಇರಲಿ. ಇನ್ನು ದೂರವಾಣಿ ಮಾಡುವ ಹೊತ್ತು: ಅಲ್ಲಿಯ ಬೆಳಗಿನ ಒಂಬತ್ತು ಗಂಟೆಯೆಂದರೆ ಚಳಿಗಾಲದಲ್ಲಿ ನಮ್ಮ ಮಧ್ಯಾಹ್ನ ಎರಡೂವರೆ, ಬೇಸಗೆಯಲ್ಲಿ ಒಂದೂವರೆ.