ಶಾಖಕ್ಕೊಂದು ದಾರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬೇಸಗೆಯನ್ನು ಬಲ್ಲವರಿಗೆ ಬಿಸಿಲಿನ ವರ್ಣನೆ ಬೇಕಿಲ್ಲ. ೪೦ ಡಿಗ್ರಿ ದಾಟಿದ ಮಧ್ಯಾಹ್ನ ಮನುಷ್ಯನು ಬೇವಿನ ನೆರಳಿಗೆ ಸರಿಯುತ್ತಾನೆ. ಗೋಡೆಯ ಎಲ್‌ಇಡಿ ದೀಪಕ್ಕೆ ಆ ಭಾಗ್ಯವಿಲ್ಲ. ತನ್ನೊಳಗೆ ಹುಟ್ಟಿದ ಶಾಖ ಹೊರಬೀಳದಿದ್ದರೆ ಅದರ ಆಯುಷ್ಯ ಕುಗ್ಗುತ್ತದೆ.

ಲೋಹದ ಕವಚ ಶಾಖವನ್ನು ಸಾಗಿಸುತ್ತದೆ. ಜೊತೆಗೆ ವಿದ್ಯುತ್ತನ್ನೂ ಸಾಗಿಸುತ್ತದೆ. ಪ್ಲಾಸ್ಟಿಕ್ಕು ಎರಡನ್ನೂ ತಡೆಯುತ್ತದೆ. ತಾಮ್ರದ ಉಷ್ಣವಾಹಕತೆ ಸುಮಾರು ೪೦೦ ಎಂದರೆ, ಅದೇ ಮಾನದಲ್ಲಿ ಸಾಧಾರಣ ಪ್ಲಾಸ್ಟಿಕ್ಕಿನದು ೦.೨ರ ಆಸುಪಾಸು. ಅಲ್ಯೂಮಿನಾ, ಬೋರಾನ್ ನೈಟ್ರೈಡ್ ಎಂಬ ಸೆರಾಮಿಕ್ ಪುಡಿಗಳಾದರೋ ವಿದ್ಯುತ್ತನ್ನು ತಡೆದು ಶಾಖವನ್ನು ಮಾತ್ರ ಹಾಯಗೊಡುತ್ತವೆ. ಇವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸುವುದೇ ಉಪಾಯ.

ಆದರೆ ಕಣಗಳು ದ್ವೀಪಗಳಂತೆ ಬಿಡಿಬಿಡಿಯಾಗಿ ಉಳಿದರೆ ಪ್ರಯೋಜನ ಅಲ್ಪ. ನಮ್ಮ ಗೌಂಡಿಯು ಕಲ್ಲುಗೋಡೆ ಕಟ್ಟುವಾಗ ದೊಡ್ಡ ಕಲ್ಲುಗಳ ಸಂದಿಗೆ ಸಣ್ಣ ಚಕ್ಕೆಗಳನ್ನು ಕೂಡಿಸುತ್ತಾನಲ್ಲವೆ? ಮಿಶ್ರಣದ ಮರ್ಮವೂ ಅದೇ. ಅಲ್ಯೂಮಿನಾದ ದಪ್ಪ ಗುಂಡುಗಳ ನಡುವೆ ಬೋರಾನ್ ನೈಟ್ರೈಡಿನ ತೆಳು ಹಾಳೆಗಳು ಸೇತುವೆಯಾಗುತ್ತವೆ; ಶಾಖಕ್ಕೆ ಎಡೆಬಿಡದ ದಾರಿಯೊಂದು ಒದಗುತ್ತದೆ. ಮೊದಲನೆಯದು ಅಗ್ಗ, ಎರಡನೆಯದು ದುಬಾರಿ. ಬೆರೆಸಿದರೆ ವೆಚ್ಚವೂ ಹಿಡಿತದಲ್ಲಿರುತ್ತದೆ. ಪುಡಿ ಮಿತಿಮೀರಿತೋ, ಕರಗಿದ ಪ್ಲಾಸ್ಟಿಕ್ಕು ಅಚ್ಚಿನೊಳಗೆ ಹರಿಯದು. ಹರಿದರೂ ಪೆಡಸಾಗಿ ಒಡೆಯುತ್ತದೆ. ಹದವೇ ಇಲ್ಲಿ ವಿದ್ಯೆ.

ಕೂಡಗಿಯ ೨೪೦೦ ಮೆಗಾವಾಟ್ ಸ್ಥಾವರ ನಮ್ಮ ನೆರೆಯಲ್ಲೇ ಇದೆ. ವಿದ್ಯುತ್ತು ಹುಟ್ಟಿದರೆ ಸಾಲದು, ಅದನ್ನು ಬೆಳಕಾಗಿಸುವ ದೀಪವೂ ಬಾಳಬೇಕು. ಕೂಲಿಯ ದುಡ್ಡಿನಲ್ಲಿ ಕೊಂಡ ದೀಪ ಇನ್ನೆರಡು ಬೇಸಗೆ ಹೆಚ್ಚು ಉರಿದರೆ, ಆ ಪುಡಿಯ ಸಂಶೋಧನೆ ಸಾರ್ಥಕವೆಂದೇ ನಾನು ಎಣಿಸುತ್ತೇನೆ.