ಕಣ್ಣುಬೇನೆಯೂ ನಮ್ಮ ಕರ್ತವ್ಯವೂ
(ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಮಳೆಗಾಲವು ಕಾಲಿಟ್ಟಿತೆಂದರೆ ಶಾಲೆಯಲ್ಲಿ ಒಬ್ಬ ಹುಡುಗನ ಕಣ್ಣು ಕೆಂಪಾಗುವುದು. ಕೆಲವು ದಿನಗಳಲ್ಲಿ ಅವನ ಸಾಲಿನವರೆಲ್ಲರೂ ಕಣ್ಣುಜ್ಜುತ್ತ ಕುಳಿತಿರುವರು. 2023ರ ಮಳೆಗಾಲದಲ್ಲಿ ಕರ್ನಾಟಕದ ಅನೇಕ ಜಿಲ್ಲೆಗಳು ಈ ಉಪದ್ರವವನ್ನು ಕಂಡವು. ಕಣ್ಣುಬೇನೆಯೆಂದು ನಾವು ಕರೆಯುವ ಇದಕ್ಕೆ ‘ಮದ್ರಾಸ್ ಐ’ ಎಂಬ ಹೆಸರೂ ಉಂಟು. ಮದ್ರಾಸಿನಲ್ಲಿ ಹಬ್ಬಿದ್ದ ಇಂಥದೊಂದು ಬೇನೆಯನ್ನು ನೇತ್ರವೈದ್ಯರಾದ ಕಿರ್ಕ್‌ಪ್ಯಾಟ್ರಿಕ್ ಅವರು 1920ರಲ್ಲಿ ವರ್ಣಿಸಿದ್ದರು.

ಈ ಬೇನೆಯು ತಾನಾಗಿಯೇ ದೃಷ್ಟಿಯನ್ನು ಕಳೆಯುವುದು ಅಪರೂಪ. ಅವಸರದಿಂದ ನಾವು ಮಾಡುವ ಉಪಚಾರವೇ ಎಷ್ಟೋ ಸಲ ಕಣ್ಣಿಗೆ ಮುಳುವಾಗುವುದು. ಇಂದು ನಾನು ಮುಖ್ಯವಾಗಿ ಹೇಳಬೇಕಾದ ಮಾತು ಇದೇ.

ಕಣ್ಣಿನ ಬಿಳಿಯ ಭಾಗವನ್ನೂ ರೆಪ್ಪೆಗಳ ಒಳಮೈಯನ್ನೂ ಹೊದೆದಿರುವ ತೆಳುಪೊರೆಯೊಂದುಂಟು. ಅದು ಉರಿಯೂತಗೊಳ್ಳುವುದೇ ಕಣ್ಣುಬೇನೆ. ಇದಕ್ಕೆ ಮುಖ್ಯ ಕಾರಣಗಳು ಮೂರು. ವೈರಸ್ಸಿನಿಂದ ಬಂದುದಾದರೆ ನೀರು ಹೆಚ್ಚಾಗಿ ಸೋರುವುದು. ಒಂದು ಕಣ್ಣಿನಲ್ಲಿ ಮೊದಲಾಗಿ ಮತ್ತೊಂದಕ್ಕೆ ಹರಡುವುದು. ಬ್ಯಾಕ್ಟೀರಿಯಾದಿಂದ ಬಂದುದಾದರೆ ಹಳದಿ ಪಿಸುರು ದಟ್ಟವಾಗಿ ಸುರಿದು, ಬೆಳಗ್ಗೆ ರೆಪ್ಪೆಗಳು ಅಂಟಿಕೊಂಡಿರುವುವು. ಧೂಳು, ಪರಾಗ ಮೊದಲಾದವುಗಳ ಅಲರ್ಜಿಯಾದರೆ ತುರಿಕೆಯೇ ಮುಂದು. ಇದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಊರೆಲ್ಲ ಹಬ್ಬುವುದು ಬಹುಮಟ್ಟಿಗೆ ವೈರಸ್ಸಿನ ಬೇನೆ.

ರೋಗಿಯ ಕಣ್ಣನ್ನು ನೋಡಿದ ಮಾತ್ರಕ್ಕೆ ಬೇನೆ ಬರುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ನಿಜವಲ್ಲ. ನೋಟವು ಅಂಟಿಸುವುದಿಲ್ಲ, ಕೈ ಅಂಟಿಸುವುದು. ತಾಯಿಯು ಒಂದು ಮಗುವಿನ ಕಣ್ಣನ್ನೊರಸಿದ ಸೆರಗಿನಿಂದಲೇ ಇನ್ನೊಂದರ ಕಣ್ಣನ್ನೊರಸುವಳು. ಮನೆಮಂದಿಗೆಲ್ಲ ಒಂದೇ ಟವೆಲು, ಒಂದೇ ಕಾಡಿಗೆಯ ಡಬ್ಬಿ. ಕಪ್ಪು ಕನ್ನಡಕವು ಬೆಳಕಿನ ಬಾಧೆಯನ್ನು ತಗ್ಗಿಸೀತೇ ಹೊರತು, ಸೋಪು ನೀರಿನಿಂದ ತೊಳೆದ ಕೈಯ ಕೆಲಸವನ್ನು ಮಾಡಲಾರದು.

ಇನ್ನು ಉಪಚಾರ. ವೈರಸ್ಸಿನ ಬೇನೆಯು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಾನಾಗಿಯೇ ಇಳಿಯುವುದು. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುದ್ಧವಾದ ಹತ್ತಿಯಿಂದ, ಒಂದೊಂದು ಕಣ್ಣಿಗೂ ಬೇರೆ ಬೇರೆಯಾಗಿ, ಪಿಸುರನ್ನು ತೆಗೆಯಬೇಕು. ತಣ್ಣೀರಿನ ಬಟ್ಟೆಯನ್ನಿಟ್ಟರೆ ಉರಿ ಶಮನವಾಗುವುದು. ಆಂಟಿಬಯಾಟಿಕ್ ಹನಿಗಳು ಬ್ಯಾಕ್ಟೀರಿಯಾಕ್ಕಲ್ಲದೆ ವೈರಸ್ಸಿಗೆ ನಾಟವು. ಎದೆಹಾಲು, ಹರಳೆಣ್ಣೆ, ನಂದಿಬಟ್ಟಲ ರಸ ಇವುಗಳನ್ನು ಹಾಕುವುದು ಹಳೆಯ ವಾತ್ಸಲ್ಯವೇ ಸರಿ. ಆದರೆ ಬೆಂದ ಕಣ್ಣಿಗೆ ಹೊಸ ಸೋಂಕನ್ನು ಕರೆತರುವ ದಾರಿಯೂ ಅದೇ.

ಎಲ್ಲಕ್ಕಿಂತ ಭಯಂಕರವಾದುದು ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ. ಅದು ಕೆಂಪನ್ನು ಬೇಗನೆ ಅಳಿಸುವುದು. ಆದುದರಿಂದಲೇ ಜನರು ಅದನ್ನು ಮೆಚ್ಚುವರು. ಕರಿಗುಡ್ಡೆಯ ಮೇಲೆ ಹರ್ಪಿಸ್ ವೈರಸ್ಸಿನ ಹುಣ್ಣಿದ್ದರೆ ಅದೇ ಹನಿಯು ಹುಣ್ಣನ್ನು ಕೆರಳಿಸಿ ದೃಷ್ಟಿಯನ್ನೇ ನುಂಗೀತು. ಬಹುಕಾಲ ಬಳಸಿದರೆ ಕಣ್ಣಿನೊಳಗಿನ ಒತ್ತಡವು ಏರೀತು, ಮೋತಿಬಿಂದುವೂ ಬಂದೀತು. ವೈದ್ಯರು ಪರೀಕ್ಷಿಸಿ ಬರೆದುಕೊಡದೆ ಅದನ್ನು ಮುಟ್ಟಲಾಗದು.

ತೀವ್ರವಾದ ನೋವು, ಬೆಳಕನ್ನು ಸಹಿಸಲಾರದಿರುವುದು, ಮಂಜಾದ ನೋಟ, ಕರಿಗುಡ್ಡೆಯ ಮೇಲೆ ಬಿಳಿಯ ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಕಾಯತಕ್ಕದ್ದಲ್ಲ. ಹುಟ್ಟಿ ತಿಂಗಳು ತುಂಬದ ಕೂಸಿನ ಕಣ್ಣಲ್ಲಿ ಕೀವು ಕಂಡರಂತೂ ಆ ದಿನವೇ ಆಸ್ಪತ್ರೆಗೆ ಒಯ್ಯಬೇಕು.

ಉಪಾಧ್ಯಾಯ ಬಂಧುಗಳೇ, ಕಣ್ಣು ಕೆಂಪಾದ ಹುಡುಗನನ್ನು ಅಪರಾಧಿಯಂತೆ ಮೂಲೆಗೆ ಕೂಡಿಸಬೇಡಿರಿ. ಬೈಯದೆ ಮನೆಗೆ ಕಳುಹಿಸಿರಿ. ಹಾಜರಿ ತಪ್ಪೀತೆಂಬ ಭಯದಿಂದ ಅವನು ಬೇನೆಯನ್ನು ಮುಚ್ಚಿಡದಂತೆ ನೋಡಿಕೊಳ್ಳಿರಿ. ನೀರಿನ ತೊಟ್ಟಿಯ ಬಳಿ ಒಂದು ಸೋಪಿನ ತುಂಡನ್ನಿರಿಸಿರಿ. ತಪ್ಪಿದ ಪಾಠವನ್ನು ಮತ್ತೊಮ್ಮೆ ಹೇಳಿಕೊಡಬಹುದು; ಹೋದ ಕಣ್ಣನ್ನು ನಾವು ಯಾರೂ ತಂದುಕೊಡಲಾರೆವು.